ಅಲ್ಮೋರದ ಭಂಗಿ ಬೀಜ

ಕುಮಾವೂಂ ಬೆಟ್ಟಗಳ ನಡುವಣ ಅಲ್ಮೋರದಲ್ಲಿ, ತಟ್ಟೆಗೆ ಬಿದ್ದ ಚಟ್ನಿಯು ಭಂಗಿ ಗಿಡದ ಬೀಜದ್ದೆಂದು ತಿಳಿದೊಡನೆ ನನ್ನಾಕೆ ಕೈ ಹಿಂತೆಗೆದಳು. ಮನೆಯೊಡತಿ ನಕ್ಕರು. ಅಮಲಿರುವುದು ಸೊಪ್ಪು-ಹೂವುಗಳಲ್ಲಿ, ಬೀಜದಲ್ಲಲ್ಲ. ಹುರಿದು, ಜೀರಿಗೆ, ಹಸಿಮೆಣಸಿನಕಾಯಿಗಳೊಡನೆ ಅರೆದು ನಿಂಬೆ ಹಿಂಡಿದರೆ, ಆಹಾ, ಅದರ ರುಚಿಯೇ ಬೇರೆ!

ಬೇಲಿಯಂಚಿನಲ್ಲಿ ಆ ಗಿಡಗಳು ತಾವಾಗಿಯೇ ಹುಟ್ಟಿ ಆಳೆತ್ತರ ನಿಂತಿದ್ದವು. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಪರಾಗ ಚೆಲ್ಲಿ ಬೇಗನೆ ಒಣಗುವುದು. ಬೀಜ ಕಟ್ಟುವುದು ಹೆಣ್ಣೇ. ಕಾಂಡದ ನಾರಿನಿಂದ ಹಿಂದೆ ‘ಭಂಗೇಲಾ’ ಎಂಬ ಒರಟು ಬಟ್ಟೆ ನೇಯುತ್ತಿದ್ದರು.

“ಒಂದು ಹಿಡಿ ಕೊಡಿ ತಾಯಿ, ಬೆಂಗಳೂರಿನ ಕುಂಡದಲ್ಲಿ ಬಿತ್ತಿ ನೋಡುವೆ” ಎಂದೆ. 1985ರ ಕಾಯಿದೆಯು ಬೀಜವನ್ನು ಬಿಟ್ಟಿದೆ. ಪರವಾನಗಿಯಿಲ್ಲದೆ ಬೆಳೆಯುವವನನ್ನು ಬಿಟ್ಟಿಲ್ಲ. ಆಕೆಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಒಳಗೆ ಹೋಗಿ ಪೊಟ್ಟಣ ಕಟ್ಟಿ ತಂದರು. ಬಿಚ್ಚಿದರೆ ಘಮಘಮ, ಎಲ್ಲವೂ ಹುರಿದ ಬೀಜ!