ಪಿಕಪ್ಪಿನ ಮಾತು

ಕಾರು ಕೊಂಡವರನ್ನು ನಮ್ಮ ಕಡೆ ಜನ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಕೊಡುತ್ತೆ, ಪಿಕಪ್ ಹೇಗಿದೆ? ಪೆಟ್ರೋಲಿನ ಜಾಗಕ್ಕೆ ಕರೆಂಟು ಬಂದರೂ ಪ್ರಶ್ನೆಗಳು ಬದಲಾಗಿಲ್ಲ. ಮೊದಲನೆಯದಕ್ಕೆ ಎಲ್ಲರ ಬಳಿಯೂ ಉತ್ತರವಿದೆ. ಎರಡನೆಯದಕ್ಕೆ ಮಾತ್ರ ‘ಸಖತ್ತಾಗಿದೆ’ ಎಂದು ಹೇಳಿ ಮುಗಿಸಿಬಿಡುತ್ತಾರೆ. ಹುಣಸೂರು, ಪಿರಿಯಾಪಟ್ಟಣದ ರಸ್ತೆಗಳಲ್ಲಿ ಓಡಾಡುವವರಿಗೆ ಅಷ್ಟು ಸಾಲದು ಎಂದು ನನಗನ್ನಿಸುತ್ತದೆ.

ಹುಣಸೂರಿನಲ್ಲಿ ಅಕ್ಕನ ಮಗನ ಹತ್ತಿರ ಟಾಟಾದ ಟಿಯಾಗೊ ಇವಿ ಇದೆ. ಕೆ.ಆರ್.ನಗರದ ಗೆಳೆಯರೊಬ್ಬರು, ರಿಟೈರಾದ ಮೇಷ್ಟ್ರು, ಎಂಜಿ ಕಂಪನಿಯ ಕಾಮೆಟ್ ಇಟ್ಟುಕೊಂಡಿದ್ದಾರೆ. ಟಿಯಾಗೊ 2022ರಲ್ಲಿ ಬಂತು, ಕಾಮೆಟ್ ಮರುವರ್ಷ. ಕಾಮೆಟ್ಟಿನ ಉದ್ದ ಮೂರು ಮೀಟರಿಗೂ ಕಮ್ಮಿ. ಸಂತೆಯ ದಿನ ಕೆ.ಆರ್.ನಗರದ ಪೇಟೆಬೀದಿಯಲ್ಲಿ, ಸೊಪ್ಪಿನ ರಾಶಿಗೂ ಆಟೋಗಳಿಗೂ ನಡುವೆ ಮೇಷ್ಟ್ರು ಅದನ್ನು ತಿರುಗಿಸಿಕೊಳ್ಳುವುದನ್ನು ನೋಡಬೇಕು. ಸ್ಕೂಟರಿನವರೂ ನಿಂತು ದಾರಿ ಬಿಡುತ್ತಾರೆ.

ಒಂದು ಭಾನುವಾರ ಬೆಳಿಗ್ಗೆ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದೆವು. ಸೈಟು ಮಾಡಿ ಬಿಟ್ಟು, ಇನ್ನೂ ಮನೆಗಳೇಳದ ಬಡಾವಣೆಯ ನೇರ ರಸ್ತೆ. ದನವೂ ಇಲ್ಲ, ಜನವೂ ಇಲ್ಲ. ‘ಮಾವ, ನೀವು ನನ್ನ ಪಕ್ಕ ಕೂತ್ಕೊಳ್ಳಿ, ಮೀಟರ್ ನೋಡ್ತಿರಿ’ ಎಂದ ಹುಡುಗ. ಕೈ ಬೀಸಿದ ಕೂಡಲೇ ಎರಡೂ ಸದ್ದಿಲ್ಲದೆ ಚಿಮ್ಮಿದವು. ಬೆನ್ನು ಸೀಟಿಗೆ ಒತ್ತಿಕೊಂಡಿತು. ಮೀಟರು ಮೂವತ್ತು ಮುಟ್ಟುವವರೆಗೂ ಮೇಷ್ಟ್ರ ಕಾರಿನ ಪುಟ್ಟ ಮೂತಿ ನನ್ನ ಕಿಟಕಿಯ ಪಕ್ಕದಲ್ಲೇ ಇತ್ತು. ನಲವತ್ತು ದಾಟಿದ್ದೇ ಅದು ಮೆಲ್ಲಗೆ ಹಿಂದೆ ಸರಿಯತೊಡಗಿತು. ಅರವತ್ತರ ಹೊತ್ತಿಗೆ ಕನ್ನಡಿಯಲ್ಲಿ ಕಾಣುತ್ತಿತ್ತು.

ಹೀಗೇಕಾಯಿತು ಎಂಬುದರಲ್ಲೇ ಸೊಗಸಿರುವುದು. ಎಳೆಯುವ ತಿರುಚುಬಲ, ಅಂದರೆ ಟಾರ್ಕ್, ಎರಡಕ್ಕೂ ಹೆಚ್ಚುಕಡಿಮೆ ಒಂದೇ: 24 ಕಿಲೋವ್ಯಾಟ್-ಅವರ್ ಬ್ಯಾಟರಿಯ ಟಿಯಾಗೊಗೆ 114 ನ್ಯೂಟನ್-ಮೀಟರ್, ಕಾಮೆಟ್ಟಿಗೆ 110. ಎಲೆಕ್ಟ್ರಿಕ್ ಮೋಟರು ಎಂಜಿನ್ನಿನ ಹಾಗಲ್ಲ, ಇಷ್ಟು ಸುತ್ತು ತಿರುಗಿದ ಮೇಲೆಯೇ ಬಲ ಎನ್ನುವ ತಕರಾರು ಅದಕ್ಕಿಲ್ಲ. ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ. ಅದಕ್ಕೇ ಮೊದಲ ಹೆಜ್ಜೆಗಳಲ್ಲಿ ಹಗುರವಾದ ಕಾಮೆಟ್ ಹಿಂದುಳಿಯಲಿಲ್ಲ. ಆದರೆ ವೇಗ ಏರಿದಂತೆ ಅದೇ ಬಲದಲ್ಲಿ ಎಳೆಯುತ್ತಿರಬೇಕಾದರೆ ಮೋಟರಿನ ಪವರ್ ಹೆಚ್ಚುತ್ತಲೇ ಹೋಗಬೇಕು. ಅಲ್ಲಿ ಟಿಯಾಗೊದ್ದು 55 ಕಿಲೋವ್ಯಾಟ್, ಕಾಮೆಟ್ಟಿನದು ಸುಮಾರು 31. ಆ ಮಿತಿ ಮುಟ್ಟಿದ ಮೇಲೆ ಬಲ ಇಳಿಯುತ್ತಾ ಬರುತ್ತದೆ. ಚಿಕ್ಕ ಮೋಟರು ಆ ಮಿತಿಯನ್ನು ಬೇಗ ಮುಟ್ಟುತ್ತದೆ.

ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿ ಕೊಳ್ಳುವ ಹಿರಿಯರು ಇದನ್ನೇ ಬೇರೆ ಬಗೆಯಲ್ಲಿ ನೋಡುತ್ತಿದ್ದರು. ಹಗ್ಗ ಬಿಟ್ಟಾಗ ಚಂಗನೆ ನೆಗೆಯುವುದನ್ನು ನೋಡಿ ದುಡ್ಡು ಎಣಿಸುತ್ತಿರಲಿಲ್ಲ. ಒಂದಷ್ಟು ದೂರ ನಡೆಸಿ, ಓಡಿಸಿ, ಆಮೇಲೂ ಹೆಜ್ಜೆಯಲ್ಲಿ ಬಿರುಸು ಉಳಿದಿದೆಯೇ ಎಂದು ನೋಡುತ್ತಿದ್ದರು.

ಕರೆಂಟಿನ ಕಾರಿಗೆ ಈ ಚುರುಕು ಹೊಸದೇನಲ್ಲ. ಗಂಟೆಗೆ ನೂರು ಕಿಲೋಮೀಟರು ದಾಟಿದ ಮೊದಲ ಕಾರೇ ಬ್ಯಾಟರಿಯದು. 1899ರ ಏಪ್ರಿಲಿನಲ್ಲಿ ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಸಿ ಎಂಬಾತ ಪ್ಯಾರಿಸ್ಸಿನ ಹತ್ತಿರ ಅದನ್ನು ಓಡಿಸಿದ. ನಮ್ಮ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದದ್ದು ಅದಾಗಿ ಮೂರು ವರ್ಷಕ್ಕೆ, 1902ರಲ್ಲಿ. ಆಮೇಲೆ ಪೆಟ್ರೋಲು ಗೆದ್ದು, ಬ್ಯಾಟರಿ ಕಾರು ಮೂಲೆ ಸೇರಿತು. ಅದನ್ನು ಮತ್ತೆ ರಸ್ತೆಗೆ ತಂದವರಲ್ಲಿ ಬೆಂಗಳೂರಿನ ಚೇತನ್ ಮೈನಿ ಒಬ್ಬರು. 2001ರಲ್ಲಿ ಬಂದ ಅವರ ರೇವಾ ಲಂಡನ್ನಿನಲ್ಲೂ ಓಡಿತು. ಸೀಸದ ಬ್ಯಾಟರಿ ಹೊತ್ತ ಆ ಪುಟ್ಟ ಕಾರಿನ ಪಿಕಪ್ ನೋಡಿ ಮೂಗು ಮುರಿದವರು ಬಹಳ. ಇವತ್ತಿನ ಕಾಮೆಟ್ಟನ್ನು ನೋಡಿದಾಗೆಲ್ಲ ನನಗೆ ಆ ರೇವಾದ ಮೇಲೆ ಗೌರವ ಹೆಚ್ಚುತ್ತದೆ.

ಸರಿ, ರಸ್ತೆಗೆ ಬರೋಣ. ಟಿಯಾಗೊ ಸೊನ್ನೆಯಿಂದ 60ಕ್ಕೆ 5.7 ಸೆಕೆಂಡು ಎಂದು ಟಾಟಾದವರು ಹೇಳುತ್ತಾರೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಹಾರುವ ಬೆಂಗಳೂರಿಗೆ ಆ ಲೆಕ್ಕ ಸರಿ. ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೊರಟವರು ಸೊನ್ನೆಯಿಂದ ಶುರು ಮಾಡುವುದು ಎಷ್ಟು ಸಲ? ಹೊಗೆಸೊಪ್ಪು ಹದ ಮಾಡುವ ಕಾಲದಲ್ಲಿ ಅದನ್ನು ಒಣಗಿಸುವ ಬ್ಯಾರನ್ನುಗಳಿಗೆ ಸೌದೆ ಹೊತ್ತ ಟ್ರ್ಯಾಕ್ಟರುಗಳು ಮುಂದೆ ಸಾಲುಗಟ್ಟಿರುತ್ತವೆ. ಟ್ರೇಲರಿನ ಅಗಲ ಮೀರಿ ಎರಡೂ ಬದಿಗೆ ಕೊಂಬೆಗಳು ಚಾಚಿಕೊಂಡಿರುತ್ತವೆ, ಎದುರಿನ ರಸ್ತೆ ಕಾಣುವುದು ತಿರುವಿನಲ್ಲಿ ಒಂದಿಷ್ಟು. ಅದರ ಹಿಂದೆ ತೆವಳುತ್ತಿದ್ದು, ಎದುರು ಖಾಲಿ ಕಂಡಾಗ ದಾಟಬೇಕು. ಮಡಿಕೇರಿ ಕಡೆಯಿಂದ ಬಸ್ಸು ಕಾಣಿಸಿಕೊಳ್ಳುವುದರೊಳಗೆ ನಮ್ಮ ಎಡಕ್ಕೆ ಬಂದುಬಿಡಬೇಕು.

ಅಲ್ಲಿ ಬೇಕಾದದ್ದು 40ರಿಂದ 80ರ ಲೆಕ್ಕ. ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ, 40ರಿಂದ 80ಕ್ಕೆ ಏರಲು ಬೇಕಾದ ಶಕ್ತಿ ಸೊನ್ನೆಯಿಂದ 60ಕ್ಕೆ ಬೇಕಾದದ್ದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು. ಗಾಳಿಯ ತಡೆ ಬೇರೆ. ಕಾಮೆಟ್ಟಿನ ಉಸಿರು ಕಮ್ಮಿಯಾಗುವುದು ಸರಿಯಾಗಿ ಆ ಜಾಗದಲ್ಲೇ. ಊರೊಳಗೆ ಅದರಷ್ಟು ಹಿತವಾದ ಬಂಡಿ ಇನ್ನೊಂದಿಲ್ಲ, ಆದರೆ ಸೌದೆ ಟ್ರ್ಯಾಕ್ಟರು ದಾಟುವ ಹೊತ್ತಿಗೆ ನನ್ನ ಮನೆಯವರು ಟಿಯಾಗೊದಲ್ಲಿರಲಿ ಎಂದು ಬಯಸುತ್ತೇನೆ.

ಎಚ್.ಡಿ.ಕೋಟೆಯ ಕಡೆ ಹೋದರೆ ಈ ವಾದವೇ ಬೇಡ. ಹ್ಯಾಂಡ್‌ಪೋಸ್ಟ್, ಅಂತರಸಂತೆ ದಾಟಿ ಮಾನಂದವಾಡಿ ರಸ್ತೆ ನಾಗರಹೊಳೆಯ ಕಾಡು ಹೊಗುತ್ತದೆ. ಸಂಜೆ ಆರಕ್ಕೆ ಗೇಟು ಹಾಕಿದರೆ ತೆಗೆಯುವುದು ಬೆಳಿಗ್ಗೆ ಆರಕ್ಕೆ. ಗೇಟಿಗೆ ಸಿಕ್ಕಬೇಕೆಂದು ಆ ಕಾಡಿನಲ್ಲಿ ಪಿಕಪ್ ತೋರಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸದ್ದಿಲ್ಲದ ಕಾರು ಬರುತ್ತಿರುವುದು ರಸ್ತೆಗೆ ಕಾಲಿಡುವ ಜಿಂಕೆಗೆ ಹೇಗೆ ತಿಳಿಯಬೇಕು?

ತಂಗಿಯ ಮಗಳಿಗೆ ಪಿರಿಯಾಪಟ್ಟಣದಲ್ಲಿ ಕೆಲಸ, ಹುಣಸೂರಿನಿಂದ ದಿನಾ ಓಡಾಟ. ಕಾರು ಕೊಳ್ಳಬೇಕೆಂದಿದ್ದಾಳೆ. ‘ಒಬ್ಬಳೇ ಹೋಗೋದಲ್ವಾ ಮಾವ, ಕಾಮೆಟ್ ಸಾಕಲ್ವಾ?’ ಎನ್ನುತ್ತಾಳೆ. ‘ಸಾಕೇ ಸಾಕು ಕಣಮ್ಮಾ’ ಎಂದು ಮೇಷ್ಟ್ರು ಅವಳ ಕಡೆ ನಿಂತಿದ್ದಾರೆ. ‘ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿ ಒಪ್ಪಬೇಡ. ನಾಲ್ಕು ಜನ ಕೂತು ಪಿರಿಯಾಪಟ್ಟಣದ ರಸ್ತೆಗೆ ಹೋಗೋಣ, 40ರಿಂದ 80ಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ ನೋಡು, ಆಮೇಲೆ ನಿನ್ನಿಷ್ಟ’ ಎಂದಿದ್ದೇನೆ. ಬರುವ ಭಾನುವಾರ ಹೊರಡುತ್ತೇವೆ. ಮೇಷ್ಟ್ರೂ ತಮ್ಮ ಕಾರು ತರುತ್ತಾರಂತೆ.