ಹಳೆಯ ಹಾಡು, ಎಳೆಯ ಕಂಠ

ತಮ್ಮ ಮನೆಯ ದೇವರ ಪೀಠದ ಪಕ್ಕದ ಗೂಡಿನಲ್ಲೋ, ಅಟ್ಟದ ಮೇಲಿನ ಟ್ರಂಕಿನಲ್ಲೋ ರಟ್ಟು ಕಿತ್ತುಹೋದ ಹಾಡಿನ ಪುಸ್ತಕವೊಂದು ಇರಬಹುದು. ಪುಟಗಳು ಹಳದಿಗಟ್ಟಿ, ಅಂಚುಗಳು ಪುಡಿಪುಡಿಯಾಗಿ, ನಡುವೆ ಯಾರದೋ ಮರಣದ ನೆನಪಿನ ಚೀಟಿಯೋ ಮೊದಲ ಪರಮಪ್ರಸಾದದ ಚಿತ್ರಪಟವೋ ಸಿಕ್ಕಿಕೊಂಡಿರುವ ಪುಸ್ತಕ. ಅದನ್ನು ಎಸೆಯಲು ಯಾರಿಗೂ ಮನಸ್ಸು ಬಾರದು. ಹಾಡಲೆಂದು ತೆರೆಯುವವರೂ ವಿರಳ. ಕಳೆದ ಎರಡು ವರ್ಷಗಳಿಂದ ನನ್ನ ಸಂಜೆಗಳು ಇಂತಹ ಪುಸ್ತಕಗಳ ಜೊತೆಯಲ್ಲಿಯೇ ಕಳೆಯುತ್ತಿವೆ. ನಮ್ಮ ಧರ್ಮಕೇಂದ್ರದ ಗುರುಗಳು ಜ್ಞಾನೋಪದೇಶದ ಶಿಕ್ಷಕರನ್ನೂ ಗಾನವೃಂದದವರನ್ನೂ ಒಟ್ಟಿಗೆ ಕೂರಿಸಿಕೊಂಡು, ಹಳೆಯ ಹಾಡುಗಳಲ್ಲಿ ಮಕ್ಕಳೂ ಸಭೆಯೂ ಸೇರಿ ಹಾಡಬಲ್ಲಂಥವನ್ನು ಆರಿಸಿ, ಬೇಕಾದ ಕಡೆ ತಿದ್ದಿ ಕೊಡಿರೆಂದು ಕೇಳಿಕೊಂಡರು. ಆರಿಸುವ ಕೆಲಸ ಎರಡು ಭಾನುವಾರಗಳಲ್ಲಿ ಮುಗಿಯಿತು. ತಿದ್ದುವ ಕೆಲಸ ಇನ್ನೂ ನಡೆದಿದೆ.

ಈ ಹಾಡುಗಳು ಹುಟ್ಟಿದ ಕಾಲವನ್ನು ಮೊದಲು ನೆನೆಯಬೇಕು. ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಕುರಿತ ತನ್ನ ಸಂವಿಧಾನವನ್ನು 1963ರ ಡಿಸೆಂಬರ್ 4ರಂದು ಪ್ರಕಟಿಸುವ ತನಕ ನಮ್ಮ ಬಲಿಪೂಜೆಯ ಭಾಷೆ ಲತೀನು. ಗುರುಗಳು ಪೀಠದ ಕಡೆಗೆ ಮುಖಮಾಡಿ ಮೆಲುದನಿಯಲ್ಲಿ ಪ್ರಾರ್ಥಿಸುತ್ತಿದ್ದಾಗ ಜನರು ತಮಗೆ ಬಂದ ಜಪವನ್ನೂ ಹಾಡನ್ನೂ ಹೇಳಿಕೊಳ್ಳುತ್ತಿದ್ದರು. ಆದ್ದರಿಂದ ಹಳೆಯ ಹಾಡುಗಳಲ್ಲಿ ಬಹುಪಾಲು ಬಲಿಪೂಜೆಯ ಇಂತಿಂಥ ಭಾಗಕ್ಕೆಂದು ಬರೆದವಲ್ಲ. ಅವು ದೇವಮಾತೆಗೆ, ಯೇಸುವಿನ ಪವಿತ್ರ ಹೃದಯಕ್ಕೆ, ಊರ ಪಾಲಕ ಸಂತರಿಗೆ, ಪರಮಪ್ರಸಾದದ ಆಶೀರ್ವಾದಕ್ಕೆ ಮೀಸಲಾದ ಭಕ್ತಿಗೀತೆಗಳು. ಎಂಟು ಚರಣಗಳಿದ್ದರೆ ಎಂಟನ್ನೂ ಹಾಡಲು ಆಗ ಸಮಯವಿತ್ತು. ಇಂದು ಕಾಣಿಕೆಯ ಮೆರವಣಿಗೆ ಮೂರು ನಿಮಿಷದಲ್ಲಿ ಮುಗಿಯುತ್ತದೆ. ಎರಡನೆಯ ಚರಣದ ನಡುವೆಯೇ ಗುರುಗಳು ಕೈ ತೊಳೆಯುತ್ತಿರುತ್ತಾರೆ.

ಚರಣ ಕಡಿಮೆ ಮಾಡುವುದರಲ್ಲಿ ಹೆಚ್ಚು ಸಂಕಟವಿಲ್ಲ. ಆಸ್ಟ್ರಿಯದ ಯುವ ಗುರು ಯೋಸೆಫ್ ಮೋರ್ 1816ರಲ್ಲಿ ಬರೆದ ‘ಸ್ಟಿಲ್ಲೆ ನಾಖ್ಟ್’ ಗೀತೆಗೆ ಆರು ಚರಣಗಳಿದ್ದವು. 1818ರ ಕ್ರಿಸ್ಮಸ್ ಹಿಂದಿನ ದಿನ ಫ್ರಾನ್ಸ್ ಗ್ರೂಬರ್ ಅದಕ್ಕೆ ರಾಗ ಕಟ್ಟಿದರು. ಓಬರ್ನ್‌ಡಾರ್ಫ್‌ನ ದೇವಾಲಯದಲ್ಲಿ ಗಿಟಾರಿನೊಡನೆ ಅದನ್ನು ಹಾಡಲಾಯಿತು. ಲೋಕವೆಲ್ಲ ಇಂದು ಸಾಮಾನ್ಯವಾಗಿ ಹಾಡುವುದು ಮೂರೇ ಚರಣ. ಮೋರ್ ಸ್ವಾಮಿಗಳಿಗೆ ಅವಮಾನವಾಯಿತೆಂದು ಯಾರೂ ಭಾವಿಸಿಲ್ಲ. ನಮ್ಮ ಹಾಡುಗಳಲ್ಲೂ ಕಥೆ ತುಂಡಾಗದಂತೆ ಮೂರು ಅಥವಾ ನಾಲ್ಕು ಚರಣಗಳನ್ನು ಉಳಿಸಿ, ಮಿಕ್ಕವನ್ನು ಪುಸ್ತಕದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಲು ನಿರ್ಧರಿಸಿದೆವು.

ಪದಗಳ ವಿಷಯ ಹಾಗಲ್ಲ. ನಮ್ಮ ಪುಸ್ತಕದಲ್ಲಿ ದೇವದೂತರಿಗೆ ‘ಸನ್ಮನಸ್ಕರು’ ಎಂಬ ಮಾತಿದೆ. ನಾಲ್ಕನೆಯ ತರಗತಿಯ ಹುಡುಗನೊಬ್ಬ, “ಹಂಗಂದ್ರೆ ಏನ್ ಟೀಚರ್?” ಎಂದು ಕೇಳಿದ. ಒಳ್ಳೆಯ ಮನಸ್ಸುಳ್ಳವರು ಎಂದೆ. ದೇವದೂತರಿಗೆ ಇದಕ್ಕಿಂತ ಸೊಗಸಾದ ಹೆಸರನ್ನು ನಾನಂತೂ ಕೇಳಿಲ್ಲ. ಅರ್ಧ ನಿಮಿಷದಲ್ಲಿ ವಿವರಿಸಬಹುದಾದ ಪದವನ್ನು ಕಠಿಣವೆಂಬ ನೆಪದಲ್ಲಿ ಕಿತ್ತುಹಾಕುವುದು ಮಕ್ಕಳಿಗೆ ಮಾಡುವ ಉಪಕಾರವಲ್ಲ. ಅದು ಉಳಿಯಿತು. ‘ಸರ್ವೇಶ್ವರ’ ಎಂಬುದರ ಬಗ್ಗೆಯೂ ಒಬ್ಬರು ತಕರಾರು ತೆಗೆದರು, ಹಳೆಯ ಕಾಲದ ಮಾತು ಎಂದು. ಆದರೆ ದೇವರ ಹೀಬ್ರೂ ನಾಮವನ್ನು ದೈವಾರಾಧನೆಯ ಹಾಡುಗಳಲ್ಲಿ ಉಚ್ಚರಿಸಬಾರದೆಂದು ವ್ಯಾಟಿಕನ್ನಿನ ದೈವಾರಾಧನಾ ಪೀಠವು 2008ರ ಜೂನ್ 29ರ ಪತ್ರದಲ್ಲಿ ತಿಳಿಸಿದಾಗ ಇಂಗ್ಲಿಷ್ ಹಾಡುಗಳ ಸಾಲುಗಳನ್ನೇ ಬದಲಿಸಬೇಕಾಗಿ ಬಂತು. ‘ಸರ್ವೇಶ್ವರ’ ಎನ್ನುತ್ತಿದ್ದ ನಮ್ಮ ಅಜ್ಜಿಯರ ಹಾಡುಗಳಿಗೆ ಆ ಕಷ್ಟ ಬರಲಿಲ್ಲ!

ಇನ್ನು ಕೆಲವು ಪದಗಳಿವೆ. ವಿವರಿಸಿದರೂ ನಾಲಿಗೆಗೆ ಹತ್ತುವುದಿಲ್ಲ. ಪಾಪಕ್ಕೆ ‘ಅಘ’ ಎನ್ನುವ ಪದವನ್ನೇ ತೆಗೆದುಕೊಳ್ಳಿ. ಪಾಪಗಳನ್ನು ಕಳೆಯುವವನು ಎಂಬ ಅರ್ಥದ ‘ಅಘಹರ’ ಎಂಬುದನ್ನು ಮಕ್ಕಳು ನಿಸ್ಸಂಕೋಚವಾಗಿ ‘ಆಹಾರ’ ಎಂದು ಹಾಡುತ್ತಿದ್ದರು. ಅದನ್ನು ‘ಪಾಪ’ ಎಂದು ಮಾಡಿದರಾಯಿತಲ್ಲ ಎನ್ನುವಿರಿ. ‘ಅಘ’ ಎರಡು ಮಾತ್ರೆಯ ಪದ, ‘ಪಾಪ’ಕ್ಕೆ ಮೂರು. ಒಂದು ಮಾತ್ರೆ ಹೆಚ್ಚಿದರೆ ಇಡೀ ಸಾಲು ತಾಳದಿಂದ ಹೊರಗೆ ಬೀಳುತ್ತದೆ. ಎರಡು ದಿನ ತಡಕಾಡಿದ ಮೇಲೆ ‘ಕೊಳೆ’ ಎಂಬ ಪದ ಸಿಕ್ಕಿತು. ಎರಡೇ ಮಾತ್ರೆ, ಮಗುವಿಗೂ ಗೊತ್ತಿರುವ ಮಾತು. ಬಟ್ಟೆಯ ಕೊಳೆ ತೊಳೆದಂತೆ ಮನಸ್ಸಿನ ಕೊಳೆ ತೊಳೆ ಎಂದು ಕೇಳಿಕೊಳ್ಳಲು ಅದು ಸಾಲದೇ?

ರಾಗದ ವಿಚಾರದಲ್ಲಿ ಒಂದು ವಿನೋದವನ್ನು ಹೇಳಲೇಬೇಕು. ಯೂರೋಪಿನ ಮಟ್ಟುಗಳಿಗೆ ಕನ್ನಡದ ಪದ ಕೂರಿಸಿದ ಹಾಡುಗಳು ನಮ್ಮಲ್ಲಿ ಹಲವಿವೆ. ಆ ಮಟ್ಟಿನಲ್ಲಿ ಸ್ವರ ಉದ್ದವಾಗಿರುವ ಕಡೆ ಕನ್ನಡದ ಹ್ರಸ್ವಾಕ್ಷರ ಬಂದರೆ ಅದನ್ನು ಎಳೆಯಲೇಬೇಕು. ಕನ್ನಡದಲ್ಲಿ ಹ್ರಸ್ವ ಎಳೆದರೆ ಅರ್ಥವೇ ಬೇರೆ. ದೇವರಲ್ಲಿ ‘ಬಲ’ ಬೇಡುವ ಹಾಡೊಂದರಲ್ಲಿ ಸಭೆಯೆಲ್ಲ ತಲೆಬಾಗಿ ‘ಬಾಲ’ ಬೇಡುತ್ತಿತ್ತು. ಹಿರಿಯರಿಗೆ ಅಭ್ಯಾಸವಾಗಿತ್ತು, ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಮಕ್ಕಳದ್ದೇ ಸರಿ. ಅಲ್ಲಿ ಪದವನ್ನು ಹಾಗೆಯೇ ಬಿಟ್ಟು ಸ್ವರವನ್ನು ಒಂದು ಹೆಜ್ಜೆ ಸರಿಸಿದೆವು. ಶ್ರುತಿಯ ಮಾತೂ ಇದೆ. ಗಂಡಸರ ಗಾನವೃಂದ ತನಗೆ ಹಿತವಾದ ತಗ್ಗು ಶ್ರುತಿಯಲ್ಲಿ ಹಾಡನ್ನು ಹಿಡಿಯುತ್ತದೆ. ಮಕ್ಕಳ ದನಿ ಅಷ್ಟು ಕೆಳಗೆ ಇಳಿಯದೆ ಬರಿಯ ಗೊಣಗಾಟವಾಗುತ್ತದೆ. ಆಮೇಲೆ, ಈಗಿನ ಮಕ್ಕಳಿಗೆ ಹಾಡು ಬೇಡ ಎಂದು ನಾವೇ ದೂರುತ್ತೇವೆ. ಹಾರ್ಮೋನಿಯಂನಲ್ಲಿ ಎರಡು ಮನೆ ಮೇಲಕ್ಕೆ ಹೋಗಿ ನೋಡಿ. ಕೀಬೋರ್ಡಿನ ಗುಂಡಿ ಒತ್ತಿ ಧಡಧಡ ತಾಳ ಹಾಕಿದರೆ ಮಾತ್ರ ಮಕ್ಕಳು ಹಾಡುತ್ತಾರೆಂಬ ನಂಬಿಕೆ ನನಗಿಲ್ಲ. ಆ ಸದ್ದಿನಲ್ಲಿ ಅವರು ಹಾಡುವುದಕ್ಕಿಂತ ಚಪ್ಪಾಳೆ ತಟ್ಟುವುದೇ ಹೆಚ್ಚು.

ತಿದ್ದುವ ಚಪಲ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಧರ್ಮಸಭೆಯ ಚರಿತ್ರೆಯಲ್ಲೇ ಒಂದು ದೊಡ್ಡ ನಿದರ್ಶನವಿದೆ. ಪೋಪ್ ಜಗದ್ಗುರು 8ನೇ ಅರ್ಬನ್ ಸ್ವತಃ ಲತೀನ್ ಕವಿ. ಸಂತ ಅಂಬ್ರೋಸ್, ಪ್ರುಡೆನ್ಷಿಯಸ್ ಮೊದಲಾದವರ ಕಾಲದಿಂದ ಮಠಗಳಲ್ಲಿ ಹಾಡಿಕೊಂಡು ಬಂದ ಸ್ತುತಿಗೀತೆಗಳ ಲತೀನು ಅವರ ಕಿವಿಗೆ ಒರಟೆನಿಸಿತು. ಪ್ರಾಚೀನ ರೋಮಿನ ಮಹಾಕವಿಗಳ ಛಂದಸ್ಸಿಗೆ ಹೊಂದುವಂತೆ ಅವನ್ನು ತಿದ್ದಲು ನಾಲ್ವರು ಯೇಸುಸಭೆಯ ವಿದ್ವಾಂಸರನ್ನು ನೇಮಿಸಿದರು. ಒಂಬೈನೂರಕ್ಕೂ ಹೆಚ್ಚು ತಿದ್ದುಪಡಿಗಳಾದವು. 1632ರಲ್ಲಿ ಹೊಸ ಪಾಠ ಜಪಗ್ರಂಥವನ್ನು ಸೇರಿತು. ಭಾಷೆ ಶುದ್ಧವಾಯಿತು, ಭಕ್ತಿ ಎದ್ದುಹೋಯಿತು ಎಂದು ಬಲ್ಲವರು ಆಡಿಕೊಂಡರು. ಬೆನೆಡಿಕ್ಟಿನ್ ಮತ್ತು ಡೊಮಿನಿಕನ್ ಮಠಗಳು ಹಳೆಯ ಪಾಠವನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ವ್ಯಾಟಿಕನ್ ಮಹಾಸಭೆಯ ಸಂವಿಧಾನವೇ ಗೀತೆಗಳನ್ನು ಸಾಧ್ಯವಾದಷ್ಟು ಮೂಲರೂಪಕ್ಕೆ ತರಬೇಕೆಂದು ವಿಧಿಸಿತು. 1971ರಿಂದ ಪ್ರಕಟವಾದ ಹೊಸ ಜಪಗ್ರಂಥದಲ್ಲಿ ಹಳೆಯ ಪಾಠಗಳು ಮರಳಿ ಬಂದವು. ನಡುವೆ ಮುನ್ನೂರಕ್ಕೂ ಮಿಕ್ಕ ವರ್ಷಗಳು ಕಳೆದಿದ್ದವು.

ಹಾಗೆಂದು ತಿದ್ದುವುದೇ ತಪ್ಪೆನ್ನಲಾಗದು. ನಾಲ್ಕನೆಯ ಶತಮಾನದ್ದೆಂದು ಹೇಳಲಾಗುವ ‘ತೆ ದೇಉಂ’ ಎಂಬ ಲತೀನ್ ಕೃತಜ್ಞತಾ ಸ್ತೋತ್ರವನ್ನು ಗುರು ಇಗ್ನಾಸ್ ಫ್ರಾನ್ಸ್ 1771ರಲ್ಲಿ ಜರ್ಮನ್ ಭಾಷೆಯಲ್ಲಿ ಸರಳ ಪದ್ಯವಾಗಿಸಿದರು. ಅದನ್ನು ಅಮೆರಿಕದ ಗುರು ಕ್ಲಾರೆನ್ಸ್ ವಾಲ್ವರ್ತ್ 1858ರಲ್ಲಿ ಇಂಗ್ಲಿಷಿಗೆ ತಂದರು. ಮಠದ ಸ್ತೋತ್ರ ಹೀಗೆ ಇಡೀ ಸಭೆಯ ಹಾಡಾಯಿತು. ಅಲ್ಲಿ ತಿದ್ದಿದ್ದು ಹಾಡುವವರಿಗಾಗಿ, ಇಲ್ಲಿ ತಿದ್ದಿದ್ದು ಪಂಡಿತರಿಗಾಗಿ.

ಈ ಎರಡರ ನಡುವೆ ನಮ್ಮ ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ನನಗೆ ತೋರಿಸಿದವರು ನಮ್ಮ ತಾಯಿ. ಅವರಿಗೆ ಈಗ ಎಂಬತ್ತೇಳು ವರ್ಷ. ಮರೆವು ಆವರಿಸಿ ನಾಲ್ಕು ವರ್ಷಗಳಾದವು. ನನ್ನ ಮಗಳ ಹೆಸರು ಅವರಿಗೆ ಹೊಳೆಯುವುದಿಲ್ಲ. ಮಧ್ಯಾಹ್ನ ಉಂಡದ್ದು ಸಂಜೆಗೆ ನೆನಪಿಲ್ಲ. ಆದರೆ ಜಪಸರ ಮುಗಿದು ದೇವಮಾತೆಯ ಹಾಡನ್ನು ಯಾರಾದರೂ ಎತ್ತಿಕೊಂಡರೆ ಎಲ್ಲ ಚರಣಗಳನ್ನೂ ಒಂದಕ್ಷರ ತಪ್ಪದೆ ಹಾಡುತ್ತಾರೆ. ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತ ಮಗಳು ಅದೇ ಹಾಡನ್ನು ತಾನು ಬೇರೆಡೆ ಕಲಿತ ಹೊಸ ಪಾಠದಲ್ಲಿ ಹಾಡಿದಳು. ಮೊದಲ ಸಾಲು ಒಟ್ಟಿಗೆ ನಡೆಯಿತು. ಎರಡನೆಯ ಸಾಲಿನಲ್ಲಿ ಇಬ್ಬರ ದಾರಿ ಬೇರೆಯಾಯಿತು. ಅಮ್ಮ ನಿಲ್ಲಿಸಿ, “ಹಂಗಲ್ಲ ಮಗಾ ಅದು” ಎಂದರು. ಮತ್ತೆ ಹಿಡಿಯಲು ನೋಡಿದರು, ಆಗಲಿಲ್ಲ. ಆ ಸಂಜೆ ಅವರು ಮತ್ತೆ ಹಾಡಲಿಲ್ಲ. ಅಂದಿನಿಂದ ಮಗಳು ಅಜ್ಜಿಯ ಪಾಠವನ್ನೇ ಕಲಿತು, ಅವರೊಡನೆ ಅದನ್ನೇ ಹಾಡುತ್ತಾಳೆ.

ಓದು ಬಾರದ ನಮ್ಮ ಹಿರಿಯರ ಹಾಡು ಕಣ್ಣಿನಲ್ಲಿಲ್ಲ, ಸಾಲಿನ ಎರಡನೆಯ ಅಕ್ಷರದ ಪ್ರಾಸದಲ್ಲಿದೆ. ಸಾಲಿನ ಮೊದಲ ಪದವನ್ನು ಬದಲಿಸಿದಿರೆಂದರೆ ಪ್ರಾಸ ತಪ್ಪುತ್ತದೆ. ಪ್ರಾಸ ತಪ್ಪಿದರೆ ಮುಂದಿನ ಸಾಲು ಕೈಗೆ ಸಿಗುವುದಿಲ್ಲ. ಆದ್ದರಿಂದ ಪಲ್ಲವಿಯನ್ನೂ ಮೊದಲ ಚರಣವನ್ನೂ ಮುಟ್ಟಕೂಡದೆಂದು ನಮ್ಮ ಸಮಿತಿಯಲ್ಲಿ ಸೂಚಿಸಿದೆ. ಎಲ್ಲರೂ ಒಪ್ಪಿದರು. ಅಲ್ಲಿ ಕಠಿಣ ಪದವಿದ್ದರೆ ಕಲಿಸೋಣ, ಅದರ ಮುಂದಿನ ಚರಣಗಳಲ್ಲಿ ತಿದ್ದೋಣ ಎಂದಾಯಿತು.

ಆ ನಿಯಮ ಶುಭ ಶುಕ್ರವಾರದ ಹಾಡಿನ ಮುಂದೆ ನಿಲ್ಲಲಿಲ್ಲ. ತಪಸ್ಸುಕಾಲದ ಒಂದು ಹಳೆಯ ಹಾಡಿನ ಮೊದಲ ಚರಣದಲ್ಲಿಯೇ ಯೇಸುಸ್ವಾಮಿಗೆ ಹೊಡೆದವರು, ಹಂಗಿಸಿದವರು, ಶಿಲುಬೆಗೇರಿಸಿದವರು ಎಲ್ಲರೂ ‘ಯೆಹೂದ್ಯರು’ ಎಂದಿದೆ. ರಾಗ ಕರುಳು ಹಿಂಡುವಂಥದು. ಆದರೆ ಎಂಟು ವರ್ಷದ ಮಗುವಿನ ಬಾಯಲ್ಲಿ ಆ ಸಾಲನ್ನು ಹಾಕಬಹುದೆ? ಯೇಸುವೂ ಮರಿಯಮ್ಮನವರೂ ಪ್ರೇಷಿತರೂ ಯೆಹೂದ್ಯರೇ ಅಲ್ಲವೆ? ಸಂತ 23ನೇ ಜಾನ್ ಪೋಪರು 1959ರಲ್ಲಿ ಶುಭ ಶುಕ್ರವಾರದ ಪ್ರಾರ್ಥನೆಯಿಂದ ಯೆಹೂದ್ಯರನ್ನು ಕುರಿತ ಕಟುವಾದ ವಿಶೇಷಣವನ್ನು ತೆಗೆಸಿದರು. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಮಹಾಸಭೆಯ ‘ನೊಸ್ತ್ರಾ ಎತಾತೆ’ ಘೋಷಣೆ 1965ರ ಅಕ್ಟೋಬರ್ 28ರಂದು ಸ್ಪಷ್ಟಪಡಿಸಿತು. ಗಾನವೃಂದದ ಹಿರಿಯರೊಬ್ಬರು ನೊಂದು ಕೇಳಿದರು: “ನಮ್ಮಪ್ಪ ಇದನ್ನ ಹಾಡ್ತಾ ಕಣ್ಣೀರು ಹಾಕೋರು. ಅವರ ಮನಸ್ಸಲ್ಲಿ ದ್ವೇಷ ಇತ್ತೇನಮ್ಮ?” ಇರಲಿಲ್ಲ. ಅವರು ಅತ್ತದ್ದು ತಮ್ಮ ಪಾಪಕ್ಕೆ. ಕ್ರಿಸ್ತನ ಪಾಡಿಗೆ ಪಾಪಿಗಳಾದ ನಾವೇ ಕಾರಣರೆಂದು ಕಥೋಲಿಕ ಧರ್ಮೋಪದೇಶ ಗ್ರಂಥವೂ 598ನೆಯ ಪರಿಚ್ಛೇದದಲ್ಲಿ ಹೇಳುತ್ತದೆ. ಹಾಗಿದ್ದರೆ ಆ ಅಪ್ಪನ ಕಣ್ಣೀರು ಹೇಳುತ್ತಿದ್ದುದನ್ನು ಹಾಡೂ ಹೇಳಲಿ.

‘ಯೆಹೂದ್ಯರು’ ಐದು ಮಾತ್ರೆ. ‘ನಾವೆಲ್ಲ’ ಎಂಬುದಕ್ಕೂ ಐದೇ ಮಾತ್ರೆ. ‘ಹೊಡೆದರು’ ಎಂಬುದು ‘ಹೊಡೆದೆವು’ ಆದರೆ ತಾಳ ಒಂದು ಕೂದಲಷ್ಟೂ ಕದಲುವುದಿಲ್ಲ. ಆ ಪದ ಸಾಲಿನ ನಡುವೆ ಇದ್ದುದರಿಂದ ಪ್ರಾಸಕ್ಕೂ ಧಕ್ಕೆಯಾಗಲಿಲ್ಲ. ಅದೇ ರಾಗ, ಅದೇ ಉಸಿರು. ಮೊದಲ ಬಾರಿಗೆ ಹಾಗೆ ಹಾಡಿದ ದಿನ ಅಭ್ಯಾಸದ ಕೊಠಡಿಯಲ್ಲಿ ಯಾರೂ ತುಸು ಹೊತ್ತು ಮಾತನಾಡಲಿಲ್ಲ. ಆ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡು, “ಇದು ಕಷ್ಟ ಕಣಮ್ಮ, ಹಾಡೋದು” ಎಂದರು. ಅವರು ಒಪ್ಪಿದರೋ ಇಲ್ಲವೋ ಇಂದಿಗೂ ಹೇಳಿಲ್ಲ. ಅಭ್ಯಾಸಕ್ಕೆ ಬರುವುದನ್ನು ಮಾತ್ರ ಬಿಟ್ಟಿಲ್ಲ.

ಇಂತಹ ಶೋಕದ ಹಾಡು ಮಕ್ಕಳಿಗೇಕೆ, ಸಂತೋಷದವು ಸಾಲವೆ ಎಂದು ಕೆಲವು ತಾಯಂದಿರು ಕೇಳಿದ್ದುಂಟು. ಮಕ್ಕಳ ಬಲಿಪೂಜೆಗಾಗಿ ರೋಮಿನಿಂದ 1973ರ ನವೆಂಬರ್ 1ರಂದು ಹೊರಬಂದ ಮಾರ್ಗಸೂಚಿಯು ಮಹಿಮಾಗೀತೆ, ವಿಶ್ವಾಸಸಂಗ್ರಹಗಳನ್ನು ಸಹ ಮಕ್ಕಳಿಗೆ ತಕ್ಕ, ಅಧಿಕೃತವಾಗಿ ಒಪ್ಪಿತವಾದ ರೂಪದಲ್ಲಿ ಹಾಡಬಹುದೆಂದು ಔದಾರ್ಯ ತೋರಿದೆ. ಅದರ ಗುರಿ ಮಕ್ಕಳನ್ನು ದೊಡ್ಡವರ ಬಲಿಪೂಜೆಯ ಕಡೆಗೆ ನಡೆಸಿಕೊಂಡು ಹೋಗುವುದು. ಮನೆಯಲ್ಲಿ ಸಾವು ಕಂಡ ಮಗುವಿಗೆ ಅಳುವ ಹಾಡೂ ಬೇಕಾಗುತ್ತದೆ.

ಈ ಕೆಲಸಕ್ಕೆ ಕೈ ಹಾಕುವ ಬೇರೆ ಧರ್ಮಕೇಂದ್ರದವರಿಗೆ ಎರಡು ಮಾತು. ಬರೆದವರು ಯಾರೆಂದು ತಿಳಿದಿರುವ ಹಾಡಾದರೆ ಅವರನ್ನೋ ಅವರ ವಾರಸುದಾರರನ್ನೋ ಕೇಳಿ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಬರೆದವರು ತೀರಿಕೊಂಡ ಮೇಲೂ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ಬಲಿಪೂಜೆಯಲ್ಲಿ ಹಾಡುವುದಕ್ಕೆ ಮೇತ್ರಾಣಿಗಳ ಒಪ್ಪಿಗೆಯೂ ಬೇಕು. ನಮ್ಮ ಹಸ್ತಪ್ರತಿಯನ್ನು ಹಳೆಯ ಪಾಠ ಎಡಕ್ಕೆ, ಹೊಸದು ಬಲಕ್ಕೆ ಇರುವಂತೆ ಬೆರಳಚ್ಚು ಮಾಡಿಸುತ್ತಿದ್ದೇವೆ, ನೋಡುವವರಿಗೆ ಏನು ಬದಲಾಯಿತೆಂದು ತಿಳಿಯಲಿ ಎಂದು.

ಆರಿಸಿದ ಇಪ್ಪತ್ತೆಂಟರಲ್ಲಿ ಹತ್ತೊಂಬತ್ತು ಹಾಡುಗಳು ಮುಗಿದಿವೆ. ಉಳಿದವುಗಳಲ್ಲಿ ಒಂದಕ್ಕೆ ನಮ್ಮ ಬಳಿ ಇರುವ ಎರಡೂ ಪ್ರತಿಗಳಲ್ಲಿ ಮೂರನೆಯ ಚರಣವನ್ನು ಹುಳು ತಿಂದಿದೆ. ಬೇರೆ ಹಾಡುಗಳಲ್ಲೂ ಇಂತಹ ತೂತುಗಳಿರಬಹುದು. ಆದುದರಿಂದ ಓದುಗರೇ, ತಮ್ಮ ಮನೆಯ ಆ ಹಳೆಯ ಪುಸ್ತಕವನ್ನು ಒಮ್ಮೆ ಹೊರತೆಗೆಯಿರಿ. ಪುಸ್ತಕವಿಲ್ಲದಿದ್ದರೆ ಮನೆಯ ಹಿರಿಯರನ್ನು ಕೂರಿಸಿ ಹಾಡಿಸಿರಿ, ಅವರು ಹಾಡಿದಂತೆಯೇ, ಒಂದಕ್ಷರವನ್ನೂ ತಿದ್ದದೆ ಬರೆದುಕೊಂಡು ತಮ್ಮ ಧರ್ಮಕೇಂದ್ರದ ಗುರುಗಳ ಕೈಗೆ ಕೊಡಿರಿ.