ಭಾಗವತನ ಜಾಗಟೆ, ವೇಷಧಾರಿಯ ಮಾತು

ಪತ್ತನಾಜೆಗೆ ಇನ್ನೂ ಎರಡು ತಿಂಗಳಿರುವಾಗ, ಕಡಬದ ಕಡೆಯ ಯಾವುದಾದರೊಂದು ಅಡಿಕೆ ತೋಟದ ಬದಿಯ ಗದ್ದೆಯಲ್ಲಿ ಹರಕೆಯ ಆಟವೊಂದು ನಡೆಯುವುದೆಂದು ಭಾವಿಸಬಹುದು. ಮನೆಯವರು ಎಷ್ಟೋ ವರ್ಷಗಳ ಹಿಂದೆ ಹೇಳಿಕೊಂಡ ಹರಕೆ. ಈಗ ಸರದಿ ಬಂದಿದೆ. ನೆಂಟರಿಷ್ಟರಿಗೆ ಹೇಳಿಕೆ ಹೋಗಿದೆ, ಪುತ್ತೂರು ಸುಳ್ಯಗಳಿಂದಲೂ ಜನ ಬಂದಿದ್ದಾರೆ. ಚೌಕಿಯಲ್ಲಿ ಗಣಪತಿಗೆ ದೀಪವಿಟ್ಟಾಗಿದೆ. ಆಗ ಮನೆಯ ಯಜಮಾನರು ಚೌಕಿಯ ಬಾಗಿಲಿಗೆ ಬಂದು, ಧ್ವನಿಯನ್ನು ಸ್ವಲ್ಪ ತಗ್ಗಿಸಿ ಕೇಳುವ ಪ್ರಶ್ನೆ ಒಂದೇ: “ಭಾಗವತರೇ, ಇವತ್ತು ರಕ್ತಬೀಜ ಯಾರದ್ದು?” ಭಾಗವತರು ವೀಳ್ಯದೆಲೆಗೆ ಸುಣ್ಣ ಸವರುತ್ತ, “ನೋಡುವ” ಎನ್ನುವರು.

ಈ ಸೀಮೆಯಲ್ಲಿ “ನೋಡುವ” ಎಂಬ ಮಾತಿಗಿರುವ ಅರ್ಥಗಳನ್ನು ನಿಘಂಟುಕಾರರು ಇನ್ನೂ ಪೂರ್ತಿಯಾಗಿ ಸಂಗ್ರಹಿಸಿದಂತಿಲ್ಲ. ಇಲ್ಲಿ ಅದರ ಅರ್ಥವಿಷ್ಟು: ಪಾತ್ರವನ್ನು ಹಂಚುವುದು ಭಾಗವತರ ಅಧಿಕಾರ, ಸರಿ, ಆದರೆ ಚೌಕಿಯ ಒಳಗಡೆ ಕನ್ನಡಿಯ ಮುಂದೆ ಕುಳಿತಿರುವ ಒಬ್ಬ ಹೆಸರುವಾಸಿ ವೇಷಧಾರಿಯು ಈ ಹೊತ್ತಿಗೆ ಯಾವ ಪಾತ್ರವನ್ನು ಒಪ್ಪುವನು, ಯಾವುದನ್ನು ಒಪ್ಪನು ಎಂಬುದನ್ನು ಭಾಗವತರೂ ಇನ್ನು ಮೇಲೆ ತಿಳಿಯಬೇಕಾಗಿದೆ.

ಮೇಳದಲ್ಲಿ ಪ್ರಸಿದ್ಧನಾದವನ ಮಾತು ಎಷ್ಟು ನಡೆಯಬೇಕು? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಅದರ ಉತ್ತರದಿಂದ ಒಂದೊಂದು ಆಟದಲ್ಲಿ ಒಬ್ಬೊಬ್ಬನ ಬದುಕಿನ ದಾರಿ ತಿರುಗುವುದುಂಟು.

ತೆಂಕುತಿಟ್ಟಿನವರು ಭಾಗವತನನ್ನು ಮೊದಲನೆಯ ವೇಷವೆಂದು ಕರೆಯುತ್ತ ಬಂದಿದ್ದಾರೆ. ಮುಖಕ್ಕೆ ಬಣ್ಣದ ಒಂದು ಬೊಟ್ಟನ್ನೂ ಹಚ್ಚದವನಿಗೆ ವೇಷವೆಂಬ ಹೆಸರು, ಅದರಲ್ಲಿಯೂ ಮೊದಲನೆಯ ವೇಷವೆಂಬ ಪದವಿ! ಈ ಹೆಸರಿಟ್ಟವರು ವಿನೋದಕ್ಕಾಗಿ ಇಟ್ಟವರಲ್ಲ. ಪ್ರಸಂಗದ ಪದಗಳು ಅವನ ನಾಲಗೆಯ ಮೇಲೆ ಇರತಕ್ಕವು. ಯಾವ ಪದವನ್ನು ಹಾಡಬೇಕು, ಯಾವುದನ್ನು ಬಿಡಬೇಕು, ಚೆಂಡೆ ಎಲ್ಲಿ ಏರಬೇಕು, ಕುಣಿತ ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಅವನ ಕೈಯ ಜಾಗಟೆಯಿಂದಲೇ ತೀರ್ಮಾನವಾಗತಕ್ಕದ್ದು. 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರಂಥವರು ಹತ್ತಾರು ಪ್ರಸಂಗಗಳನ್ನು ಪುಸ್ತಕವಿಲ್ಲದೆ ಆಡಿಸಬಲ್ಲವರಾಗಿದ್ದರು. ಅಂಥವರ ಮುಂದೆ ಯಾವ ವೇಷಧಾರಿಯೂ ಪಾತ್ರದ ವಿಷಯದಲ್ಲಿ ಬಹಳ ಹೊತ್ತು ವಾದಿಸುತ್ತಿರಲಾರನು. ಅಧಿಕಾರಕ್ಕೆ ಅಲ್ಲಿ ಆಧಾರವಾಗಿದ್ದುದು ಹುದ್ದೆಯಲ್ಲ. ಇಡಿಯ ಪ್ರಸಂಗವು ಒಬ್ಬನ ತಲೆಯಲ್ಲಿ ಇದೆಯೆಂಬ ಸಂಗತಿ. ಉಳಿದವರ ತಲೆಯಲ್ಲಿ ತಮ್ಮ ತಮ್ಮ ಪಾತ್ರ ಮಾತ್ರ ಇರುವುದಷ್ಟೆ.

ಆದರೂ ವೇಷಧಾರಿಯ ಪರವಾಗಿ ಹೇಳತಕ್ಕದ್ದು ಬಹಳ ಉಂಟು. ನಾಟಕದ ನಟನಿಗೆ ಕವಿಯು ಮಾತನ್ನು ಬರೆದುಕೊಟ್ಟಿರುತ್ತಾನೆ. ಯಕ್ಷಗಾನದಲ್ಲಿ ಕವಿಯು ಕೊಡುವುದು ಪದವನ್ನು ಮಾತ್ರ; ಅರ್ಥವನ್ನು ಹೇಳುವವನು ವೇಷಧಾರಿ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಡೆದುಬಂದ ರಾಮಾಯಣ ಪ್ರಸಂಗಗಳಲ್ಲಿ ವಾಲಿಗೆ ಇರುವ ಪದಗಳನ್ನು ಬೆರಳಲ್ಲಿ ಎಣಿಸಬಹುದು. ಆದರೆ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿಯನ್ನು ಕೇಳಿದವರು ಆ ಮಾತುಗಳನ್ನು ಪ್ರಸಂಗದ ಪುಸ್ತಕದಲ್ಲಿ ಹುಡುಕಿದರೆ ಎಲ್ಲಿ ಸಿಕ್ಕಬೇಕು? ರಂಗದ ಮೇಲೆ ನಿಂತ ಆ ಗಳಿಗೆಯಲ್ಲಿ ವೇಷಧಾರಿಯೂ ಒಬ್ಬ ಕವಿಯೇ. ಹೀಗೆ ಅರ್ಧ ಕೃತಿಯನ್ನು ತಾನೇ ರಚಿಸುವವನಿಗೆ ಕೃತಿಯ ವಿಷಯದಲ್ಲಿ ಮಾತಿಲ್ಲವೆಂದರೆ ಅದು ನ್ಯಾಯವಲ್ಲ. ತನ್ನ ಪಾತ್ರದ ನಿಲುವೇನು, ಅವನು ಧರ್ಮಿಷ್ಠನೋ ದುರಹಂಕಾರಿಯೋ, ಯಾವ ಪದಕ್ಕೆ ಎಷ್ಟು ಕುಣಿತ ಬೇಕು, ಯಾವ ಪದವನ್ನು ಬಿಟ್ಟರೆ ತನ್ನ ಪಾತ್ರದ ಕಾಲು ಮುರಿದಂತಾಗುವುದು ಎಂಬಿವನ್ನು ಭಾಗವತನೊಡನೆ ಚೌಕಿಯಲ್ಲಿಯೇ ಮಾತನಾಡಿಕೊಳ್ಳುವುದು ಅವನ ಹಕ್ಕು. ಕೇಳದೆ ಪದವನ್ನು ಹಾರಿಸುವ ಭಾಗವತನು ತನ್ನ ಅಧಿಕಾರವನ್ನು ಮೀರಿದವನೆಂದೇ ಹೇಳಬೇಕು.

ಪುತ್ತೂರಿನ ಬಾಲವನದಲ್ಲಿ ದೀರ್ಘಕಾಲ ನೆಲೆಸಿದ್ದ ಶಿವರಾಮ ಕಾರಂತರು ಈ ತೊಡಕನ್ನು ಇನ್ನೊಂದು ಬಗೆಯಿಂದ ಬಿಡಿಸಹೊರಟರು. ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಅವರು, ಮುಂದೆ ಬಡಗಿನ ಕಲಾವಿದರನ್ನು ಕೂಡಿಸಿಕೊಂಡು ಉಡುಪಿಯಲ್ಲಿ ಕಟ್ಟಿದ ಯಕ್ಷರಂಗದ ಪ್ರಯೋಗಗಳಲ್ಲಿ ಮಾತನ್ನೇ ಬಹುಮಟ್ಟಿಗೆ ತೆಗೆದುಹಾಕಿ ಕುಣಿತ ಹಾಡುಗಳನ್ನು ಉಳಿಸಿಕೊಂಡರು, ಪಿಟೀಲು, ಸ್ಯಾಕ್ಸೊಫೋನುಗಳನ್ನು ಸೇರಿಸಿದರು. ಮಾತು ಇಲ್ಲದಿದ್ದರೆ ಮಾತಿನ ಮಲ್ಲನ ಕಾಟವೂ ಇಲ್ಲ! ಅದು ನಿರ್ದೇಶಕನ ಆಟ. ಹಡಗಿನಲ್ಲಿ ವಿದೇಶಕ್ಕೆ ಕಳುಹಿಸಬಹುದಾದಷ್ಟು ಅಚ್ಚುಕಟ್ಟು ಅದಕ್ಕೆ ಬಂದಿತು. ಆದರೆ ಸುಳ್ಯದ ಗದ್ದೆಯ ಪ್ರೇಕ್ಷಕನು ಬೆಳಗಿನ ಜಾವ ಮೂರು ಗಂಟೆಗೆ ಚಳಿಯಲ್ಲಿ ಕಂಬಳಿ ಹೊದೆದು ಕಾಯುತ್ತಿದ್ದುದು ಅಚ್ಚುಕಟ್ಟಿಗಾಗಿ ಅಲ್ಲ; ಕರ್ಣನು ಇಂದು ಹೊಸತಾಗಿ ಏನು ಹೇಳುವನೋ ಎಂಬ ಆಸೆಗಾಗಿ. ತಾರೆಯ ಬಾಯಿಯನ್ನು ಕಟ್ಟಿ ಶಿಸ್ತನ್ನು ಪಡೆಯುವ ಈ ದಾರಿಯು ದೊಡ್ಡವರು ತುಳಿದ ದಾರಿಯೇ ಆದರೂ ಮೇಳಗಳು ಅದನ್ನು ಹಿಡಿಯದಿದ್ದುದು ಒಳ್ಳೆಯದಾಯಿತು.

ತಾರೆಯೇ ಯಜಮಾನನಾದರೆ ಹೇಗೆ? ಅದನ್ನೂ ಈ ನಾಡು ಕಂಡಿದೆ. ಕುರಿಯ ವಿಠಲ ಶಾಸ್ತ್ರಿಗಳು ಸ್ವತಃ ಮೇಲ್ಮಟ್ಟದ ವೇಷಧಾರಿಗಳು. ಧರ್ಮಸ್ಥಳದ ಮೇಳವನ್ನು ನಡೆಸಿದವರೂ ಅವರೇ. ವೇಷಭೂಷಣಗಳಲ್ಲಿ ಅವರು ತಂದ ಬದಲಾವಣೆಗಳನ್ನೂ ಅವರ ಶಿವತಾಂಡವವನ್ನೂ ಹಳಬರು ಇಂದಿಗೂ ನೆನೆಯುವರು. ಲಾಭವೂ ನಷ್ಟವೂ ತನ್ನದೇ ಆದವನು ತೀರ್ಮಾನವನ್ನು ತಾನೇ ಮಾಡುವುದರಲ್ಲಿ ಆಕ್ಷೇಪಕ್ಕೆ ಎಡೆಯಿಲ್ಲ. ತೊಡಕಿರುವುದು ತೀರ್ಮಾನ ಒಬ್ಬನದಾಗಿ, ಅದರ ಫಲವನ್ನು ಉಣ್ಣುವವನು ಇನ್ನೊಬ್ಬನಾಗುವಲ್ಲಿ.

ಆ ಇನ್ನೊಬ್ಬನು ಯಾರು? ಹಿಂದೆ ಆಟವು ಇರುಳೆಲ್ಲ ನಡೆಯುತ್ತಿದ್ದಾಗ ಅವನ ಕಷ್ಟ ಅಷ್ಟಾಗಿ ಕಾಣುತ್ತಿರಲಿಲ್ಲ. ಪ್ರಸಿದ್ಧನು ಅರ್ಧ ಗಂಟೆ ಹೆಚ್ಚು ಮಾತನಾಡಿದರೆ ಸೂರ್ಯನು ಅಷ್ಟು ತಡೆದು ಬರುತ್ತಿರಲಿಲ್ಲ ನಿಜ; ಆದರೂ ಇರುಳು ದೊಡ್ಡದು, ಎಲ್ಲರಿಗೂ ಒಂದೊಂದು ತುಂಡು ಸಿಕ್ಕುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಹಲವು ಮೇಳಗಳು ಕಾಲಮಿತಿಯ ಆಟಕ್ಕೆ ತಿರುಗಿವೆ. ಸಂಜೆ ಆರಂಭವಾದ ಆಟವು ನಡುವಿರುಳಿನ ಒಳಗೆ ಮುಗಿಯಬೇಕು. ಐದಾರು ಗಂಟೆಗಳಲ್ಲಿ ಪೂರ್ವರಂಗದ ಶೇಷವೂ ಪ್ರಸಂಗವೂ ಮಂಗಳವೂ ಆಗಬೇಕು. ದೇವೀಮಾಹಾತ್ಮ್ಯವನ್ನೇ ತೆಗೆದುಕೊಂಡರೆ ಮಧುಕೈಟಭರು ಬರಬೇಕು, ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದ ಮಹಿಷಾಸುರನು ಅಬ್ಬರಿಸಿಕೊಂಡು ಬರಬೇಕು, ಚಂಡಮುಂಡರು ಕುಣಿಯಬೇಕು, ಆಮೇಲೆ ರಕ್ತಬೀಜ, ಕೊನೆಗೆ ಶುಂಭನಿಶುಂಭರು. ಪುರಾಣದಲ್ಲಿ ರಕ್ತಬೀಜನ ಒಂದೊಂದು ತೊಟ್ಟು ನೆತ್ತರಿನಿಂದ ಒಬ್ಬೊಬ್ಬ ರಕ್ಕಸನು ಹುಟ್ಟುತ್ತಾನೆ. ರಂಗದಲ್ಲಿ ಅವನ ಒಂದೊಂದು ಮಾತಿನಿಂದ ಹತ್ತು ಮಾತುಗಳು ಹುಟ್ಟುವುದನ್ನು ಕಂಡ ರಸಿಕರು ಪುರಾಣವನ್ನು ನಂಬದಿರುವುದಕ್ಕೆ ಕಾರಣವೇ ಇಲ್ಲ. ಚಪ್ಪಾಳೆ ಬೀಳುತ್ತದೆ, ಮಾತು ಬೆಳೆಯುತ್ತದೆ. ಒಳಗೆ ಚೌಕಿಯಲ್ಲಿ ನಿಶುಂಭನ ಬಣ್ಣ ಹಚ್ಚಿಕೊಂಡು ಎರಡು ಗಂಟೆಯಿಂದ ಕುಳಿತಿರುವ ಹುಡುಗನು ಗಡಿಯಾರವನ್ನು ನೋಡುತ್ತಾನೆ. ಅವನ ಮನೆಯವರು ಅವನ ವೇಷವನ್ನು ನೋಡಲೆಂದು ಬಂದು ಗದ್ದೆಯಲ್ಲಿ ಕುಳಿತಿರಬಹುದು. ಅವನ ಸರದಿ ಬರುವಷ್ಟರಲ್ಲಿ ಭಾಗವತರಿಗೆ ಎರಡು ಪದಗಳಿಗಿಂತ ಹೆಚ್ಚು ಹಾಡಲು ಹೊತ್ತಿಲ್ಲ. ರಂಗಕ್ಕೆ ಬಂದನು, ಸುತ್ತಿದನು, ದೇವಿಯ ಕೈಯಲ್ಲಿ ಹತನಾದನು.

ಒಂದು ದಿನದ ಮಾತಾದರೆ ಚಿಂತೆಯಿಲ್ಲ. ಒಂದು ತಿರುಗಾಟದಲ್ಲಿ ನೂರಾರು ಆಟಗಳು. ದಿನವೂ ಹೀಗೆಯೇ ಆದರೆ ಆ ಹುಡುಗನು ಅರ್ಥಗಾರಿಕೆಯನ್ನು ಕಲಿಯುವುದು ಯಾವಾಗ? ಧರ್ಮಸ್ಥಳ ಮೇಳದಲ್ಲಿ ಪುಂಡುವೇಷಗಳಿಗೆ ಹೆಸರಾಗಿ 2021ರಲ್ಲಿ ನಿಧನ ಹೊಂದಿದ ಪುತ್ತೂರು ಶ್ರೀಧರ ಭಂಡಾರಿಯವರ ಅಭಿಮನ್ಯುವನ್ನೂ ಧೀಂಗಿಣಗಳನ್ನೂ ಹೊಗಳುವವರು, ಎಳೆಯ ಪ್ರಾಯದಲ್ಲಿ ಯಾವನಿಗಾದರೂ ಕುಣಿಯುವುದಕ್ಕೆ ರಂಗವೂ ಹೊತ್ತೂ ಸಿಕ್ಕಿದ್ದರಿಂದಲೇ ಅಂಥವರು ಆಗುವರೆಂಬುದನ್ನು ಮರೆಯುವರು. ಜನರು ದೊಡ್ಡ ಹೆಸರನ್ನು ನೋಡಲು ಬರುವರು, ಅವನಿಂದಲೇ ಎಲ್ಲರಿಗೂ ಅನ್ನ ಎಂಬ ವಾದವೊಂದುಂಟು. ಸುಳ್ಳಲ್ಲ. ಡೇರೆಯ ಮೇಳಗಳ ಕಾಲದಲ್ಲಿ ಟಿಕೇಟು ಹೋಗುತ್ತಿದ್ದುದು ಕರಪತ್ರದ ದಪ್ಪ ಅಕ್ಷರದ ಹೆಸರುಗಳಿಂದಲೇ. ಆದರೆ ಹೊತ್ತನ್ನು ಹಂಚುವ ಅಧಿಕಾರವು ದಪ್ಪ ಅಕ್ಷರದ ಜೊತೆಗೆ ಬರತಕ್ಕದ್ದಲ್ಲ.

ತಾಳಮದ್ದಳೆಯ ಪದ್ಧತಿಯಲ್ಲಿ ಇದಕ್ಕೆ ಒಂದು ಸೊಗಸಾದ ಉಪಾಯವಿದೆ. ಆಟಿಯ ಮಳೆಯಲ್ಲಿ, ಮನೆಯ ಚಾವಡಿಯಲ್ಲಿ ಅರ್ಥಧಾರಿಗಳು ಇದಿರುಬದಿರು ಕುಳಿತು ವಾದಿಸುತ್ತಿರುವಾಗ ಒಬ್ಬನು ಅಳತೆ ಮೀರಿದನೆಂದರೆ ಭಾಗವತನು ಗದರಿಸುವುದಿಲ್ಲ, ಸನ್ನೆಯನ್ನೂ ಮಾಡುವುದಿಲ್ಲ; ಮೆಲ್ಲನೆ ಮುಂದಿನ ಪದವನ್ನು ಎತ್ತಿಕೊಳ್ಳುತ್ತಾನೆ. ಮದ್ದಳೆ ನುಡಿಯುತ್ತದೆ. ಅರ್ಥಧಾರಿಯು ಎಷ್ಟು ದೊಡ್ಡವನಾದರೂ ಸುಮ್ಮನಾಗಲೇಬೇಕು. ಯಾರ ಮಾನವೂ ಹೋಗದೆ ಕೆಲಸವು ಆಗುತ್ತದೆ. ಇದು ನಡೆಯಬೇಕಾದರೆ ಭಾಗವತನಿಗೆ ಧೈರ್ಯವಿರಬೇಕು, ಅರ್ಥಧಾರಿಗೆ ವಿವೇಕವಿರಬೇಕು. ಈ ಎರಡರಲ್ಲಿ ಯಾವುದು ಈಗ ಹೆಚ್ಚು ದುರ್ಲಭವೆಂಬುದನ್ನು ಮಳೆಗಾಲದ ಕೂಟಗಳಿಗೆ ಹೋಗುವ ವಾಚಕರೇ ಹೇಳಬೇಕು.

ಹೊರಗಿನ ಪ್ರಪಂಚದಲ್ಲಿಯೂ ಇದೇ ಜಗಳವಿದೆ. ಪಾರ್ತಿಸುಬ್ಬನ ಊರಾದ ಕುಂಬಳೆಯ ಹೆಸರನ್ನೇ ತನ್ನ ಹೆಸರಿನೊಡನೆ ಹೊತ್ತ ಅನಿಲ ಕುಂಬ್ಳೆಯವರು ಟೆಸ್ಟ್ ಪಂದ್ಯಗಳಲ್ಲಿ 619 ವಿಕೆಟುಗಳನ್ನು ಪಡೆದವರು. 2016ರಲ್ಲಿ ಭಾರತದ ಕ್ರಿಕೆಟ್ ತಂಡಕ್ಕೆ ಶಿಕ್ಷಕರಾದರು. ಒಂದೇ ವರ್ಷದಲ್ಲಿ, 2017ರ ಜೂನ್ 20ರಂದು, ಆ ಸ್ಥಾನವನ್ನು ಬಿಟ್ಟರು. ನಾಯಕನಾದ ವಿರಾಟ ಕೊಹ್ಲಿಗೆ ತಮ್ಮ ರೀತಿಯ ವಿಷಯದಲ್ಲಿ ಒಪ್ಪಿಗೆಯಿಲ್ಲವೆಂಬುದನ್ನು ಮಂಡಳಿಯವರು ತಮಗೆ ತಿಳಿಸಿದರೆಂದು ಅವರೇ ಪ್ರಕಟಿಸಿದರು. ಅಲ್ಲಿ ವೇಷವು ಭಾಗವತನನ್ನು ಎಬ್ಬಿಸಿತು. ಅಮೆರಿಕದವರ ಚೆಂಡಾಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಮುಖ್ಯ ಆಟಗಾರನಿರುತ್ತಾನೆ. ಅಂಥವರಲ್ಲಿ ಒಬ್ಬನಾದ ಆರನ್ ರಾಜರ್ಸ್ ಎಂಬವನು, ತಂಡದ ತೀರ್ಮಾನಗಳಲ್ಲಿ ತನ್ನ ಮಾತನ್ನು ಕೇಳುವವರಿಲ್ಲವೆಂದು 2021ರಲ್ಲಿ ಬಹಿರಂಗವಾಗಿ ಅಸಮಾಧಾನಪಟ್ಟನು. 2023ರಲ್ಲಿ ಅವನು ನ್ಯೂಯಾರ್ಕಿನ ಜೆಟ್ಸ್ ತಂಡಕ್ಕೆ ಹೋದಾಗ ಅವನಿಗೆ ಪರಿಚಿತರಾದ ಆಟಗಾರರೂ ಶಿಕ್ಷಕನೂ ಅಲ್ಲಿಗೆ ಬಂದರು. 2024ರ ಋತುವಿನಲ್ಲಿ ಆ ತಂಡವು ಐದು ಪಂದ್ಯಗಳನ್ನು ಗೆದ್ದು ಹನ್ನೆರಡನ್ನು ಸೋತಿತು. ಸೋಲಿಗೆ ಕಾರಣಗಳು ಹಲವಿರಬಹುದು. ತನ್ನವರನ್ನು ಕೂಡಿಸಿಕೊಂಡ ಮಾತ್ರಕ್ಕೆ ಗೆಲುವು ಬರುವುದಿಲ್ಲವೆಂಬುದಂತೂ ಗೊತ್ತಾಯಿತು.

ಆದರೆ ತಾರೆಯನ್ನು ಮಾತ್ರ ದೂರುವುದು ಏಕಪಕ್ಷವಾದೀತು. 2019ರ ನವೆಂಬರಿನಲ್ಲಿ ಕಟೀಲು ಮೇಳಗಳ ತಿರುಗಾಟವು ಆರಂಭವಾಗುವ ದಿನ, ಆ ಕಾಲದ ಅತ್ಯಂತ ಜನಪ್ರಿಯ ಭಾಗವತರಲ್ಲಿ ಒಬ್ಬರಾದ ಪಟ್ಲ ಸತೀಶ ಶೆಟ್ಟರು ರಂಗಸ್ಥಳದಿಂದ ಹಾಡದೆ ಏಳಬೇಕಾಗಿ ಬಂದಿತು. ಊರೂರುಗಳ ಅಂಗಡಿ ಬಾಗಿಲುಗಳಲ್ಲಿ ಮನೆಯ ಜಗಲಿಗಳಲ್ಲಿ ಎಷ್ಟೋ ದಿನ ಅದೇ ಮಾತು. ಮೇಳ ದೊಡ್ಡದೋ ಕಲಾವಿದನು ದೊಡ್ಡವನೋ ಎಂದು ಎರಡು ಪಕ್ಷಗಳಾದವು. ಮರುವರ್ಷ, 2020ರಲ್ಲಿ, ಪಾವಂಜೆಯ ಹೆಸರಿನಲ್ಲಿ ಹೊಸ ಮೇಳವೊಂದು ಅವರ ಮುಂದಾಳುತನದಲ್ಲಿ ಹೊರಟಿತು. ಯಾರಲ್ಲಿ ತಪ್ಪು ಎಂದು ಅಳೆಯುವ ಕೆಲಸ ಇಲ್ಲಿಯದಲ್ಲ. ಕಲಾವಿದನೊಬ್ಬನನ್ನು ಮೇಳದಲ್ಲಿ ಇಟ್ಟುಕೊಳ್ಳುವುದು ಬಿಡುವುದು ಆಡಳಿತದ ಅಧಿಕಾರವೆಂಬುದನ್ನು ಒಪ್ಪಿದರೂ, ಅಂಥ ತೀರ್ಮಾನವು ರಂಗಸ್ಥಳದ ದೀಪದ ಮುಂದೆ ಅಲ್ಲ, ಅದಕ್ಕೆ ಮೊದಲೇ, ಇದಿರು ಕುಳ್ಳಿರಿಸಿಕೊಂಡು ಹೇಳತಕ್ಕದ್ದೆಂಬ ವಿಷಯದಲ್ಲಿ ಎರಡು ಪಕ್ಷದವರಿಗೂ ಭೇದವಿರಲಾರದು. ಇದೇ ಸತೀಶ ಶೆಟ್ಟರ ಹೆಸರಿನ ಫೌಂಡೇಶನು 2015ರಿಂದ ಅಶಕ್ತ ಕಲಾವಿದರಿಗೆ ನೆರವಾಗುತ್ತ ಬಂದಿದೆ. ಒಬ್ಬನ ಹೆಸರಿನ ಬಲವು ಹೆಸರಿಲ್ಲದವರ ಒಲೆಗೆ ಬೆಂಕಿಯಾಗಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಹಾಗಾದರೆ ಕಡಬದ ಆ ಗದ್ದೆಯಲ್ಲಿ ರಕ್ತಬೀಜ ಯಾರದ್ದು? ಪ್ರಸಿದ್ಧ ವೇಷಧಾರಿಯನ್ನು ಕೇಳಿಯೇ ಕೊಡಲಿ. ಒಲ್ಲದ ಪಾತ್ರವನ್ನು ಹೊರಿಸಿದರೆ ಆಟವೇ ಕೆಡುವುದು. ತನ್ನ ರಕ್ತಬೀಜನು ಹೇಗಿರಬೇಕೆಂಬುದನ್ನು ಅವನೇ ತೀರ್ಮಾನಿಸಲಿ. ಆದರೆ ನಿಶುಂಭ ಯಾರು, ದೇವಿ ಯಾರು, ಯಾರಿಗೆ ಎಷ್ಟು ಹೊತ್ತು ಎಂಬ ಪ್ರಶ್ನೆಗಳು ಅವನ ಕನ್ನಡಿಯ ಮುಂದೆ ಬರಬಾರದು. ಬಂದರೂ ಅವನ ಅಭಿಪ್ರಾಯವಾಗಿ ಕೇಳಿ, ಭಾಗವತನು ತನ್ನ ತಲೆಯಲ್ಲಿರುವ ಪ್ರಸಂಗವನ್ನು ನೋಡಿ ಹೇಳತಕ್ಕದ್ದು. ಮನೆಯ ಯಜಮಾನರು ಸೇವೆಯ ಹಣವನ್ನು ಕೊಟ್ಟವರೆಂಬ ಸಲಿಗೆಯಿಂದ ಚೌಕಿಗೆ ಬಂದು ಹೆಸರು ಹಿಡಿದು ಕೇಳುವ ಚಟವನ್ನೂ ಸ್ವಲ್ಪ ಬಿಡಬೇಕು. ಹರಕೆಯು ದೇವಿಗೆ ಸಂದದ್ದು, ರಕ್ತಬೀಜನಿಗಲ್ಲ.

ಅತ್ತ ರಂಗದಲ್ಲಿ ರಕ್ತಬೀಜನು ಬೆಳೆಯುತ್ತಲೇ ಇದ್ದಾನೆ. ಹೊತ್ತು ಹತ್ತಕ್ಕೆ ಹತ್ತು ನಿಮಿಷ. ನಿಶುಂಭನ ಹುಡುಗನು ಕಿರೀಟವನ್ನು ಕಟ್ಟಿಸಿಕೊಂಡು ಚೌಕಿಯಿಂದ ಹೊರಟು ರಂಗದ ಹಿಂಬದಿಯಲ್ಲಿ ಕತ್ತಲೆಯಲ್ಲಿ ನಿಂತಿದ್ದಾನೆ. ಭಾಗವತರು ಒಮ್ಮೆ ಅತ್ತ ಕತ್ತು ಹೊರಳಿಸಿ ನೋಡಿದರು, ಬಾಯಲ್ಲಿದ್ದ ವೀಳ್ಯವನ್ನು ಕೆನ್ನೆಯ ಬದಿಗೆ ಸರಿಸಿದರು, ಜಾಗಟೆಯನ್ನು ಎತ್ತಿಕೊಂಡರು.